ಫೋಕಸ್ ಕೆಡಿಸಿದೆ, ಗ್ರಾಫ್ ಸರಿಹೋಯಿತು

ಕೊನೆಗೂ ವಿಝಡ್ ಕ್ಯಾಂಕ್ರಿಯ ಬೆಳಕಿನ ಏರಿಳಿತದ ಗ್ರಾಫ್ ನೋಡುವ ಹಾಗಾಗಿದೆ. ಕರ್ಕಾಟಕ ರಾಶಿಯ ಈ ನಕ್ಷತ್ರ ಸುಮಾರು 4 ಗಂಟೆ 17 ನಿಮಿಷಕ್ಕೊಮ್ಮೆ ಮ್ಯಾಗ್ನಿಟ್ಯೂಡ್ 7.9ರಿಂದ 7.2ಕ್ಕೆ ಏರಿ ಇಳಿಯುತ್ತದೆ (ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಒಂದೇ ರಾತ್ರಿಯಲ್ಲಿ ಇಡೀ ಸುತ್ತು ಸಿಕ್ಕಿಬಿಡುತ್ತದೆ. ಅದರೊಳಗೆ ಎರಡು ಮಿಡಿತ ಒಟ್ಟಿಗೆ ನಡೆಯುವುದರಿಂದ ಒಂದು ಶಿಖರದ ಎತ್ತರ ಇನ್ನೊಂದಕ್ಕಿರುವುದಿಲ್ಲ. ನನಗೆ ಬೇಕಿದ್ದದ್ದೇ ಆ ವ್ಯತ್ಯಾಸ.

ಕ್ಯಾಮೆರಾ, ಲೆನ್ಸಿನ ದೋಷ ಕಳೆಯಲು ತೆಗೆಯುವ ಡಾರ್ಕು, ಫ್ಲ್ಯಾಟು ಫ್ರೇಮು ಎಲ್ಲ ಮಾಮೂಲು, ಬಿಡಿ. ತಲೆ ತಿಂದದ್ದು ಹೋಲಿಕೆಯ ನಕ್ಷತ್ರಗಳು, ಅಂದರೆ ಹೊಳಪು ಅಳೆಯಲು ಪಕ್ಕದಲ್ಲಿಟ್ಟು ನೋಡುವ ಸ್ಥಿರ ನಕ್ಷತ್ರಗಳು. ಅಲ್ಲಾಡಬಾರದ ಅವೂ 0.1 ಮ್ಯಾಗ್ನಿಟ್ಯೂಡ್ ಕುಣಿಯುತ್ತಿದ್ದವು. ತೆಳು ಮೋಡ ಬಂದಿದ್ದರೆ ಎಲ್ಲವೂ ಒಟ್ಟಿಗೆ ಮಂಕಾಗಬೇಕು, ಅಲ್ವಾ? ಇಲ್ಲಿ ಒಂದು ಏರಿದರೆ ಪಕ್ಕದ್ದು ಇಳಿಯುತ್ತಿತ್ತು. ಅದೂ 10 ನಿಮಿಷಕ್ಕೊಮ್ಮೆ ಅದೇ ಆಕಾರ.

10 ನಿಮಿಷ ಅಂದ ಕೂಡಲೇ, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ನೆನಪಾಯಿತು. 144 ಹಲ್ಲಿನ ಗಿಯರ್, ಅದನ್ನು ತಿರುಗಿಸುವ ಸ್ಕ್ರೂನ (ವರ್ಮ್) ಒಂದು ಸುತ್ತು ಅಷ್ಟೇ ಹೊತ್ತು. ಅದರ ಓಲಾಟಕ್ಕೆ ನಕ್ಷತ್ರ ಸೆನ್ಸರ್ ಮೇಲೆ ಹಿಂದೆ ಮುಂದೆ ಜಾರುತ್ತದೆ. 135 ಮಿ.ಮೀ. ಲೆನ್ಸಿನಲ್ಲಿ ಒಂದು ಪಿಕ್ಸೆಲ್‌ಗೆ ಆಕಾಶದ 6.5 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಫೋಕಸ್ ಚೂಪಾಗಿದ್ದರೆ ನಕ್ಷತ್ರದ ಬೆಳಕೆಲ್ಲ ಒಂದೆರಡು ಪಿಕ್ಸೆಲ್‌ನಲ್ಲೇ ಮುಗಿಯಿತು. ಕಲರ್ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದೇ ಬಣ್ಣ ಅಳೆಯುತ್ತದೆ; ನಾನು ಲೆಕ್ಕಕ್ಕೆ ತಗೊಳ್ಳುವುದು ಹಸಿರು ಪಿಕ್ಸೆಲ್ ಮಾತ್ರ. ನಕ್ಷತ್ರ ಕೆಂಪು ಅಥವಾ ನೀಲಿ ಪಿಕ್ಸೆಲ್ ಮೇಲೆ ಕೂತಾಗೆಲ್ಲ ಸುಮ್ನೆ ಮಂಕಾದಂತೆ ಕಾಣುತ್ತಿತ್ತು.

ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ನಕ್ಷತ್ರ ಎಂಟು ಪಿಕ್ಸೆಲ್ ಅಗಲ ಹರಡುವ ಹಾಗೆ ಮಾಡಿದೆ. ಕುಣಿತ 0.02ಕ್ಕೆ ಇಳಿಯಿತು! ಬೇರೆ ನಕ್ಷತ್ರಗಳ ಗ್ರಹಗಳನ್ನು ಅಳೆಯುವ ಕಿಯಾಪ್ಸ್ ಉಪಗ್ರಹವನ್ನೇ ಬೇಕಂತಲೇ ಫೋಕಸ್ ತಪ್ಪಿಸಿ ಕಟ್ಟಿದ್ದಾರೆ, ಇನ್ನು ನಮ್ಮದೇನು. ದಂಡ ಕಟ್ಟಿದ್ದು ಎಂ67 ನಕ್ಷತ್ರಗುಚ್ಛ. ಅದೇ ಫ್ರೇಮಿನಲ್ಲಿದೆ, ಬಣ್ಣದ ತಿದ್ದುಪಡಿಗೆ ಇಟ್ಟುಕೊಂಡಿದ್ದೆ. ಈಗ ಆ ಗುಂಪು ಮುದ್ದೆಯಾದ ಉಪ್ಪಿಟ್ಟು.

ಬಣ್ಣದ ಪಿಕ್ಸೆಲ್ಲೇ ಇಲ್ಲದ ಮೋನೋ ಕ್ಯಾಮೆರಾ ಮತ್ತು ಹಸಿರಿನ ಸುತ್ತಲಿನ ಬೆಳಕನ್ನಷ್ಟೇ ಬಿಡುವ ವಿ ಫಿಲ್ಟರ್ ಇದ್ದರೆ ಈ ರಗಳೆಯೇ ಇಲ್ಲ. ಫಿಲ್ಟರ್ ಆರ್ಡರ್ ಮಾಡಿದ್ದೆ. ಬಂದದ್ದು ನೇರಳಾತೀತ ಕಿರಣ ತಡೆಯುವ ಮಾಮೂಲಿ ಯುವಿ ಫಿಲ್ಟರ್. ಫೋನ್ ಮಾಡಿದರೆ, "ಸಾರ್, ಅದರಲ್ಲೂ ವಿ ಇದೆಯಲ್ಲ" ಅಂದ ಪುಣ್ಯಾತ್ಮ.

ಕೆಲ್ಟ್ ಸರ್ವೆಯವರು ಬರೀ 42 ಮಿ.ಮೀ. ಬಾಯಿಯ ಲೆನ್ಸಿನಲ್ಲಿ, ಪಿಕ್ಸೆಲ್‌ಗೆ 23 ಆರ್ಕ್‌ಸೆಕೆಂಡ್ ಇಟ್ಟುಕೊಂಡು ಬೇರೆ ನಕ್ಷತ್ರಗಳ ಗ್ರಹಗಳನ್ನೇ ಹುಡುಕಿದರು. ಅದನ್ನು ಓದಿದಾಗಿನಿಂದ ಮೂಲೆಯಲ್ಲಿರುವ 50 ಮಿ.ಮೀ. ಲೆನ್ಸ್ ಕರೆಯುತ್ತಿದೆ. ಮುಂದಿನ ಗುರಿ ಆರ್ದ್ರಾ. 2020ರ ಫೆಬ್ರವರಿಯಲ್ಲಿ ಅದು 1.6ರ ಹತ್ತಿರಕ್ಕೆ ಮಂಕಾದಾಗ ನನ್ನ ಬಳಿ ಒಂದು ಫ್ರೇಮೂ ಇರಲಿಲ್ಲ. ತೊಡಕೆಂದರೆ ಅದು ಕೆಂಪು, ಹೋಲಿಕೆಗೆ ಸಿಗುವ ಅಕ್ಕಪಕ್ಕದ ಪ್ರಕಾಶಮಾನ ನಕ್ಷತ್ರಗಳೆಲ್ಲ ನೀಲಿ. ಕ್ಯಾಮೆರಾ ಓರೆ ಮಾಡಿದರೆ ಅದೇ ಫ್ರೇಮಿನಲ್ಲಿ ಕೆಂಬಣ್ಣದ ರೋಹಿಣಿಯನ್ನೂ ಹಿಡಿಸಬಹುದು.

ಅದಕ್ಕೂ ಮೊದಲು ಕ್ಯಾಂಕ್ರಿಯ ಇನ್ನೂ ನಾಲ್ಕಾರು ಶಿಖರ ಬೇಕು. ಹುಣ್ಣಿಮೆ ಕಳೆಯಲಿ.