ಒಂದು ಬಾಂಬ್ ಹಾಕಿದ್ರೆ ಆಗ್ತಿರಲಿಲ್ವಾ ಮಾರಾಯ್ರೆ?

ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ಮಂಗಳೂರಿನ ಗೆಳೆಯರು ನನ್ನನ್ನು ಕೇಳುವುದು ಇದನ್ನೇ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಪೆಗಾಸಸ್ ಸೇತುವೆ ಹಿಡಿಯಲು ಬ್ರಿಟಿಷರು ನಡುರಾತ್ರಿ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಜನ ಇಳಿಸಿದ್ದು ಯಾಕೆ? ಅವರ ಹತ್ರ ಬಾಂಬರ್ ಇರಲಿಲ್ವಾ?

ಬೇಕಾದಷ್ಟು ಇತ್ತು. ಆದರೆ ಅವರಿಗೆ ಸೇತುವೆ ಬೇಕಿತ್ತು. ಅಗತ್ಯ ಬಿದ್ದರೆ ಅದನ್ನು ಉಡಾಯಿಸಲು ತಯಾರಿ ಮಾಡಿಕೊಂಡಿದ್ದವರು ಜರ್ಮನರು.

ಜಾಗ ಹೀಗೆ ಉಂಟು. ನಾರ್ಮಂಡಿಯ ಕಾನ್ ಪಟ್ಟಣದಿಂದ ಸಮುದ್ರದವರೆಗೆ ಓರ್ನ್ ನದಿ ಮತ್ತು ಒಂದು ಕಾಲುವೆ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಎರಡಕ್ಕೂ ಒಂದೊಂದು ಸೇತುವೆ, ಒಂದೇ ರಸ್ತೆಯಲ್ಲಿ. ಕಾಲುವೆಯದ್ದೇ ಪೆಗಾಸಸ್. 1944ರ ಜೂನ್ 6ರ ಬೆಳಗ್ಗೆ ಬ್ರಿಟಿಷ್ ಸೇನೆ ಇಳಿಯಬೇಕಿದ್ದ ಸ್ವೋರ್ಡ್ ತೀರ ಪಶ್ಚಿಮಕ್ಕೆ. ಅವರ ಪ್ಯಾರಾಟ್ರೂಪರ್‌ಗಳು ರಾತ್ರಿಯೇ ಇಳಿಯುವುದು ಪೂರ್ವಕ್ಕೆ. ಸೇತುವೆ ಮುರಿದರೆ ಪೂರ್ವದವರು ಬೆನ್ನಿಗೆ ನೀರು ಇಟ್ಟುಕೊಂಡು ಸಿಕ್ಕಿಬೀಳುತ್ತಾರೆ. ಜರ್ಮನರ ಕೈಯಲ್ಲೇ ಉಳಿದರೆ ಅವರ ಟ್ಯಾಂಕ್‌ಗಳು ಸೀದಾ ತೀರದ ಮಗ್ಗುಲಿಗೆ ನುಗ್ಗುತ್ತವೆ. ನೇತ್ರಾವತಿ ಮತ್ತು ಫಲ್ಗುಣಿ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಕೂಳೂರು ಸೇತುವೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಉಡುಪಿ ಬಸ್ಸಿನಲ್ಲಿ ಕೂತವರ ಮುಖ ನೋಡಿದ್ದೀರಲ್ಲ.

ಹಾಗಾದರೆ ಗ್ಲೈಡರೇ ಯಾಕೆ? ಪ್ಯಾರಾಚೂಟಿನಲ್ಲಿ ಇಳಿದವರು ಗಾಳಿಗೆ ಚದುರಿ ಹೋಗುತ್ತಾರೆ, ಕತ್ತಲಲ್ಲಿ ಒಟ್ಟು ಸೇರುವಷ್ಟರಲ್ಲಿ ಕಾವಲಿನವನು ಸೇತುವೆ ಉಡಾಯಿಸಿರುತ್ತಾನೆ. ಗ್ಲೈಡರ್ ಆದರೆ ಸದ್ದಿಲ್ಲದೆ ಬಂದು ಒಂದಿಡೀ ತುಕಡಿಯನ್ನು ಒಂದೇ ಕಡೆ ಇಳಿಸುತ್ತದೆ. ಇಳಿಸುತ್ತದೆ ಅಂದರೆ ನೆಲಕ್ಕೆ ಅಪ್ಪಳಿಸುತ್ತದೆ, ಅದು ಬೇರೆ ಮಾತು.

ಈ ದಾಳಿಯ ನಾಯಕ ಮೇಜರ್ ಜಾನ್ ಹೋವರ್ಡ್‌ನ ಜನ ಇದಕ್ಕಾಗಿ ಇಂಗ್ಲೆಂಡಿನ ಎಕ್ಸಿಟರ್ ಹತ್ತಿರ ಅಭ್ಯಾಸ ಮಾಡಿದ್ದರು. ಅಲ್ಲೂ ನದಿ, ಕಾಲುವೆ ಅಕ್ಕಪಕ್ಕ, ಎರಡಕ್ಕೂ ಸೇತುವೆ. ಆ ಜಾಗ ಹುಡುಕಿದವನ ತಲೆಗೆ ಸಲಾಂ ಹೇಳಬೇಕು!

ಆರು ಗ್ಲೈಡರ್, ಮರದ್ದು. ಮೂರು ಕಾಲುವೆಗೆ, ಮೂರು ನದಿಗೆ. ಸುಮಾರು 6,000 ಅಡಿ ಎತ್ತರದಲ್ಲಿ ಎಳೆದು ತಂದ ಹ್ಯಾಲಿಫ್ಯಾಕ್ಸ್ ವಿಮಾನದ ಹಗ್ಗ ಬಿಟ್ಟ ಮೇಲೆ ಪೈಲಟ್ ಜಿಮ್ ವಾಲ್ವರ್ಕ್‌ನ ತಂಡಕ್ಕೆ ದಾರಿ ತೋರಿಸಿದ್ದು ದಿಕ್ಸೂಚಿ ಮತ್ತು ಸ್ಟಾಪ್‌ವಾಚ್. ಇಷ್ಟು ಸೆಕೆಂಡ್ ಹೀಗೆ, ಆಮೇಲೆ ತಿರುವು, ಮತ್ತೆ ಇಷ್ಟು ಸೆಕೆಂಡ್. ಹಿಂದೆ ಕೂತ ಸೈನಿಕರು ಕೈಗೆ ಕೈ ಕೋದುಕೊಂಡು, ನೆಲಕ್ಕೆ ತಾಗುವಾಗ ಕಾಲು ಮುರಿಯದಿರಲಿ ಅಂತ ಕಾಲೆತ್ತಿ ಕೂತಿದ್ದರು. ರಾತ್ರಿ 12 ಗಂಟೆ 16 ನಿಮಿಷ. ಮೊದಲನೆಯದು ಸೇತುವೆಗೆ 50 ಗಜದೊಳಗೆ ನಿಂತಿತು. ಪೈಲಟ್‌ಗಳಿಬ್ಬರೂ ಮುಂದಿನ ಗಾಜು ಒಡೆದುಕೊಂಡು ಹೊರಗೆ ಬಿದ್ದರು. ಸದ್ದು ಕೇಳಿದ ಜರ್ಮನ್ ಕಾವಲುಗಾರನಿಗೆ ಯಾವುದೋ ಬಾಂಬರಿನ ತುಂಡು ಬಿದ್ದಿರಬೇಕು ಅನ್ನಿಸಿತು. ಬ್ರಿಟಿಷರಿಗೆ ಬೇಕಿದ್ದದ್ದೂ ಅದೇ.

ಮುಂದೆ ಓಡಿದ ಲೆಫ್ಟಿನೆಂಟ್ ಡೆನ್ ಬ್ರದರಿಜ್‌ಗೆ ಕುತ್ತಿಗೆಗೆ ಗುಂಡು ಬಿತ್ತು, ಬದುಕಲಿಲ್ಲ. ಸುಮಾರು ಹತ್ತು ನಿಮಿಷದಲ್ಲಿ ಸೇತುವೆ ಕೈಗೆ ಬಂತು. ಎಂಜಿನಿಯರ್‌ಗಳು ಅಡಿಗೆ ಇಳಿದು ಹುಡುಕಿದರೆ, ಸ್ಫೋಟಕ ಕಟ್ಟುವ ವ್ಯವಸ್ಥೆ ಎಲ್ಲ ಉಂಟು, ಸ್ಫೋಟಕ ಮಾತ್ರ ಇನ್ನೂ ಕಟ್ಟಿರಲಿಲ್ಲ! ನದಿ ಸೇತುವೆಗೆ ಹೊರಟ ಒಂದು ಗ್ಲೈಡರ್ ದಾರಿ ತಪ್ಪಿ ಮೈಲುಗಟ್ಟಲೆ ಆಚೆ ಇನ್ನೊಂದು ನದಿ ಹತ್ತಿರ ಇಳಿಯಿತು. ಆದರೂ ಆ ಸೇತುವೆಯೂ ಸಿಕ್ಕಿತು.

ನನ್ನ ಕೇಳಿದರೆ ಹಿಡಿಯುವುದಕ್ಕಿಂತ ಉಳಿಸಿಕೊಂಡದ್ದೇ ದೊಡ್ಡದು. ಕೈಯಲ್ಲಿದ್ದದ್ದು ಹಗುರ ಆಯುಧ. ಜರ್ಮನ್ ಯುದ್ಧವಾಹನ ಹತ್ತಿರ ಬರುವವರೆಗೆ ಕಾದು ಸಾರ್ಜೆಂಟ್ ಥಾರ್ನ್‌ಟನ್ ಪಿಯಾಟ್ ಎಂಬ, ಒಬ್ಬನೇ ಹೊತ್ತು ಹೊಡೆಯುವ ಟ್ಯಾಂಕ್ ನಿರೋಧಕ ಆಯುಧದಿಂದ ಹೊಡೆದ, ಅದು ಉರಿದು ರಸ್ತೆಯನ್ನೇ ಮುಚ್ಚಿತು. ಬೆಳಗಾದ ಮೇಲೆ ನೀವು ಹೇಳುವ ಬಾಂಬೂ ಬಂತು. ಜರ್ಮನ್ ವಿಮಾನ ಹಾಕಿದ್ದು, ಸೇತುವೆಗೇ ತಾಗಿತು, ಸಿಡಿಯಲಿಲ್ಲ.

ಇನ್ನು, ಇದು ಕಮಾಂಡೊಗಳ ಕೆಲಸ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕಮಾಂಡೊಗಳು ಬಂದದ್ದು ಮಧ್ಯಾಹ್ನದ ಹೊತ್ತಿಗೆ, ತೀರದಿಂದ ನಡೆದುಕೊಂಡು, ತಮ್ಮ ನಾಯಕ ಲಾರ್ಡ್ ಲೋವಟ್‌ನ ಹಿಂದೆ. ಜೊತೆಗೆ ಬಿಲ್ ಮಿಲ್ಲಿನ್ ಎಂಬ ಬ್ಯಾಗ್‌ಪೈಪ್ ವಾದಕ. ಅವಿತು ಹೊಡೆಯುವವರ ಗುಂಡುಗಳ ನಡುವೆಯೇ ಅವರು ಆ ಸೇತುವೆ ದಾಟಿ, ಆಚೆ ಕಾಯುತ್ತಿದ್ದ ಪ್ಯಾರಾಟ್ರೂಪರ್‌ಗಳನ್ನು ಕೂಡಿಕೊಂಡರು.