ಪಿಟೀಲು ಕಿವಿಯಿಂದ ಇಳಿಯಿತು, ಗಾಯಕಿ ಕಂಬಳಿ ಹೊದ್ದರು

ಹೆಡ್‌ಫೋನ್‌ನಲ್ಲಿ ಒಂದು ಬದಿಯ ಸದ್ದನ್ನು ತುಸು ಇನ್ನೊಂದು ಕಿವಿಗೂ ಬೆರೆಸುವ ಕ್ರಾಸ್‌ಫೀಡ್‌ನ ಕಗ್ಗಂಟು ಕೊನೆಗೂ ಬಗೆಹರಿಯಿತು. ಬಗೆಹರಿದ ಮೇಲೆ ನೋಡಿದರೆ ಇಡೀ ಕ್ರಾಸ್‌ಫೀಡ್ ಒಂದೇ ಒಂದು ಶೆಲ್ಫ್ ಫಿಲ್ಟರ್‌ಗೆ (ಒಂದು ಗಡಿಯ ಆಚೆಯ ಕಂಪನಾಂಕಗಳನ್ನೆಲ್ಲ ಏರಿಸುವ ಇಲ್ಲವೇ ಇಳಿಸುವ ಫಿಲ್ಟರ್‌ಗೆ) ಇಳಿದು ಕೂತಿದೆ. ಇದಕ್ಕೆಂದು ಕೊಂಡಿದ್ದ ಕೆಪಾಸಿಟರ್‌ಗಳ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದೇನೆ. ಲಿನಕ್ಸ್‌ನಲ್ಲಿ ಸದ್ದು ನೋಡಿಕೊಳ್ಳುವ ಪೈಪ್‌ವೈರ್‌ನಲ್ಲಿ ಫಿಲ್ಟರ್ ಸರಪಳಿ ಬರೆಯುವುದು, ಹೆಡ್‌ಫೋನ್‌ಗೆ ಈಕ್ಯೂ (ಕಂಪನಾಂಕವಾರು ಏರಿಳಿಕೆ) ಕೂರಿಸುವುದು, ಹೋಲಿಸಿ ಕೇಳುವ ಮುಂಚೆ ಎರಡರ ಸದ್ದಿನ ಮಟ್ಟ ಸಮ ಮಾಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ತಲೆನೋವಿನ ಜಾಗಕ್ಕೆ ಹೋಗೋಣ.

ಪರೀಕ್ಷೆಗೆ ಇಟ್ಟುಕೊಂಡದ್ದು ಒಂದು ಕರ್ನಾಟಕ ಸಂಗೀತ ಕಛೇರಿಯ ಧ್ವನಿಮುದ್ರಣ. ಗಾಯಕಿ ನಡುವೆ, ಪಿಟೀಲು ಪೂರ್ತಿ ಬಲಕ್ಕೆ, ಮೃದಂಗ ಪೂರ್ತಿ ಎಡಕ್ಕೆ. ಮುದ್ರಿಸಿದ ಪುಣ್ಯಾತ್ಮರು ಪ್ಯಾನ್ ಗುಂಡಿಗಳನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಊಟಕ್ಕೆ ಹೋಗಿದ್ದಾರೆ. ಸ್ಪೀಕರ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಬಲ ಸ್ಪೀಕರ್‌ನ ಪಿಟೀಲು ತಲೆಯನ್ನು ಬಳಸಿಕೊಂಡು ಎಡಗಿವಿಗೂ ಹೋಗುತ್ತದೆ, ಸ್ವಲ್ಪ ತಡವಾಗಿ, ಮೇಲಿನ ಕಂಪನಾಂಕಗಳನ್ನು ದಾರಿಯಲ್ಲಿ ಕಳೆದುಕೊಂಡು. ಹೆಡ್‌ಫೋನ್‌ನಲ್ಲಿ ಆ ದಾರಿಯೇ ಇಲ್ಲ. ಪಿಟೀಲಿನವರು ಬಲಗಿವಿಯೊಳಗೇ ಕೂತು ಕಮಾನು ಎಳೆಯುತ್ತಾರೆ. ಅರ್ಧ ಗಂಟೆ ಕೇಳಿದರೆ ಹಣೆ ಬಿಗಿಯುತ್ತದೆ.

ಕ್ರಾಸ್‌ಫೀಡ್ ಸದ್ದನ್ನು ‘ಸಹಜ’ ಮಾಡುತ್ತದೆ ಎನ್ನುತ್ತಾರೆ; ಆ ‘ಸಹಜ’ ಎಂದರೆ ಏನು ಎಂಬ ತಕರಾರನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಗಣೇಶೋತ್ಸವದ ಕಛೇರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ನಮಗೆ ಕೇಳುವುದು ಧ್ವನಿವರ್ಧಕದ ಸದ್ದು. ಎಡ-ಬಲದ ಹಂಚಿಕೆ ಅಲ್ಲಿ ಎಲ್ಲಿಯದು? ಹಾಗಾಗಿ ನನ್ನ ಗುರಿ ವೇದಿಕೆಯ ಮರುಸೃಷ್ಟಿಯಲ್ಲ. ಒಳ್ಳೆಯ ಸ್ಪೀಕರ್ ಜೋಡಿಯ ಮುಂದೆ ಕೂತಷ್ಟು ಹಿತವಾದರೆ ಸಾಕು.

ಮೊದಲು ಇದನ್ನು ಬೆಸುಗೆ ಹಾಕಿ ಪೆಟ್ಟಿಗೆಯಲ್ಲಿ ಕೂರಿಸುವ ಆಸೆಯಿತ್ತು. ಆಡಿಯೊ ಎಂಜಿನಿಯರ್ ಲಿಂಕ್‌ವಿಟ್ಸ್ 1971ರಲ್ಲಿ ಪ್ರಕಟಿಸಿದ ಕ್ರಾಸ್‌ಫೀಡ್ ಸರ್ಕ್ಯೂಟ್‌ನ ಹಾದಿಯಲ್ಲೇ ಹೊರಟೆ. ಊರಿನ ಅಂಗಡಿಯಲ್ಲಿ ಅಳತೆಯಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ತಪ್ಪದ ಫಿಲ್ಮ್ ಕೆಪಾಸಿಟರ್ ಕೇಳಿದರೆ, ‘ಸಾರ್, ಕೆಪಾಸಿಟರ್ ಅಂದರೆ ಕೆಪಾಸಿಟರ್’ ಎಂದು ಯಾವುದೋ ಫ್ಯಾನಿನದನ್ನು ತೋರಿಸಿದರು. ಆನ್‌ಲೈನ್‌ನಲ್ಲಿ ತರಿಸಿದವು ಮೇಲೆ ಶೇಕಡಾ 5 ಎಂದು ಬರೆದುಕೊಂಡು ಮೀಟರ್ ಮುಂದೆ ಮನಸ್ಸಿಗೆ ಬಂದದ್ದನ್ನು ತೋರಿಸಿದವು. ಎಡ-ಬಲ ಹೊಂದದೆ ಗಾಯಕಿ ಮೆಲ್ಲನೆ ಮೃದಂಗದ ಕಡೆಗೆ ಸರಿದು ಕೂತರು. ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಲು ಬೆಂಗಳೂರಿನ ರೈಲು ಹತ್ತುವಷ್ಟು ತಾಳ್ಮೆಯಿರಲಿಲ್ಲ. ಸಾಫ್ಟ್‌ವೇರ್‌ಗೆ ಬಂದೆ.

ಬಿಎಸ್‌2ಬಿ ಎಂಬ ಕ್ರಾಸ್‌ಫೀಡ್ ತಂತ್ರಾಂಶದ ಪರಿಚಿತ ಅಂಕಿಗಳನ್ನೇ ಹಿಡಿದೆ: 700 ಹರ್ಟ್ಸ್, 4.5 ಡೆಸಿಬೆಲ್. ಎಡದ ಸದ್ದನ್ನು ಒಂದನೆಯ ದರ್ಜೆಯ ಲೋ-ಪಾಸ್‌ನಲ್ಲಿ (ತಳವನ್ನು ಹಾಯಲು ಬಿಟ್ಟು ಮೇಲಿನ ಕಂಪನಾಂಕಗಳನ್ನು ಮೆಲ್ಲಗೆ ತಗ್ಗಿಸುವ ಫಿಲ್ಟರ್‌ನಲ್ಲಿ) ಹಾಯಿಸಿ, 4.5 ಡೆಸಿಬೆಲ್, ಅಂದರೆ 0.6 ಪಟ್ಟಿಗೆ ಇಳಿಸಿ ಬಲಕ್ಕೆ ಸೇರಿಸುವುದು. ಬಲದ್ದನ್ನು ಎಡಕ್ಕೆ ಹಾಗೆಯೇ. ಜೊತೆಗೆ ತಡವೂ ಬೇಕಲ್ಲ? 30 ಡಿಗ್ರಿಯಲ್ಲಿರುವ ಸ್ಪೀಕರ್‌ಗೆ, 8.75 ಸೆಂಟಿಮೀಟರ್ ತ್ರಿಜ್ಯದ ತಲೆಗೆ ಲೆಕ್ಕ ಹಾಕಿದರೆ ಎರಡು ಕಿವಿಗಳ ನಡುವೆ ಸುಮಾರು 0.26 ಮಿಲಿಸೆಕೆಂಡ್ ಬರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ನ ವೇಗದಲ್ಲಿ, ಅದು ಹನ್ನೆರಡೂವರೆ ಸ್ಯಾಂಪಲ್. ಸಿದ್ಧ ಸಿಗುವ ಎಷ್ಟೋ ಸಂರಚನೆಗಳಲ್ಲಿ ಈ ತಡ ಇರುತ್ತದೆ, ನಾನೂ ಇಟ್ಟೆ.

ಪಿಟೀಲು ಕಿವಿಯಿಂದ ಇಳಿದು ಬಲಗೆನ್ನೆಯ ಮುಂದಕ್ಕೆ ಬಂತು. ಸಂತೋಷಪಡುವಷ್ಟರಲ್ಲಿ ಗಾಯಕಿ ಹಾಡಲು ಶುರುಮಾಡಿದರು, ಕಂಬಳಿ ಹೊದ್ದುಕೊಂಡು. ಕೆಳಗಿನ ಷಡ್ಜ ಊದಿಕೊಂಡಿದೆ, ಸಾಹಿತ್ಯದ ವ್ಯಂಜನಗಳು ಮಸುಕಾಗಿವೆ. ಅಮ್ಮನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ‘ಪಾಪ, ಆಕೆಗೆ ಅವತ್ತು ನೆಗಡಿಯಾಗಿತ್ತೇನೋ’ ಎಂದರು.

ಮುಂದಿನ ದಿನಗಳೆಲ್ಲ ಆ ನೆಗಡಿಯ ಚಿಕಿತ್ಸೆಗೇ ಹೋದವು. 2 ಕಿಲೋಹರ್ಟ್ಸ್ ಸುತ್ತ ಈಕ್ಯೂ ಎತ್ತಿದರೆ ಗಾಯಕಿ ಗುಣವಾದರು, ಪಿಟೀಲು ಕಿರುಚಿತು. ಕ್ರಾಸ್‌ಫೀಡ್ ಮಟ್ಟ ಇಳಿಸಿದರೆ ಧ್ವನಿ ತಿಳಿಯಾಯಿತು, ಪಿಟೀಲು ಮರಳಿ ಕಿವಿಯೊಳಕ್ಕೆ. ಲೋ-ಪಾಸನ್ನು 500ಕ್ಕೆ ಇಳಿಸಿದರೆ ಒಂದು ಬಗೆಯ ಕೊರತೆ, 1000ಕ್ಕೆ ಏರಿಸಿದರೆ ಇನ್ನೊಂದು ಬಗೆಯದು. ಕೇಳಿ ಕೇಳಿ ಸರಿಪಡಿಸುವುದರಲ್ಲಿ ಒಂದು ಅಪಾಯವಿದೆ: ಒಂದೇ ಅನುಪಲ್ಲವಿಯನ್ನು ಮತ್ತೆ ಮತ್ತೆ ಕೇಳಿದ ಕಿವಿ ಯಾವುದನ್ನು ಬೇಕಾದರೂ ಸರಿ ಎಂದು ಒಪ್ಪಿಬಿಡುತ್ತದೆ. ಹೆಡ್‌ಫೋನ್ ತೆಗೆದಿಟ್ಟು ಕಾಗದ ಹಿಡಿದೆ.

ನಡುವಿನ ಧ್ವನಿ ಎಡಕ್ಕೂ ಬಲಕ್ಕೂ ಒಂದೇ ಆಗಿರುವುದರಿಂದ ಪ್ರತಿ ಕಿವಿಗೂ ಅದರ ನೇರ ರೂಪ ಮತ್ತು ತಡವಾದ ರೂಪ ಎರಡೂ ಸೇರಿ ಬರುತ್ತವೆ. ತಳದಲ್ಲಿ ಅವು ಕೂಡುತ್ತವೆ: 1.6 ಪಟ್ಟು, ಅಂದರೆ 4 ಡೆಸಿಬೆಲ್ ಏರಿಕೆ. ಮೇಲೆ ಹೋದಂತೆ ಹಂತ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು) ತಿರುಗಿ, ಒಂದು ಕಡೆ ಒಂದನ್ನೊಂದು ಹೊಡೆಯುತ್ತವೆ. ಅದು ಎಲ್ಲಿ? ಬರಿಯ 0.26 ಮಿಲಿಸೆಕೆಂಡ್ ತಡವಾದರೆ 1900 ಹರ್ಟ್ಸ್ ಹತ್ತಿರ. ನನ್ನ ಸರಪಳಿಯಲ್ಲಿ 1270ಕ್ಕೇ ಬಂತು, 3 ಡೆಸಿಬೆಲ್ ಆಳವಾಗಿ. ಮೇಲೇರಿದ 4, ಕೆಳಗಿಳಿದ 3, ಒಟ್ಟು 7 ಡೆಸಿಬೆಲ್‌ನ ಓಲಾಟ, ಅದೂ ಮನುಷ್ಯ ಕಂಠದ ಅಂಗಳದಲ್ಲೇ. ನೆಗಡಿಯಾಗದೆ ಇನ್ನೇನಾಗುತ್ತದೆ?

ತಗ್ಗು 1900ರ ಬದಲು 1270ರಲ್ಲಿ ಏಕೆ? ಗಂಟು ಬಿಚ್ಚಿದ್ದು ಈ ಪ್ರಶ್ನೆಯಿಂದ. ಲೋ-ಪಾಸ್ ಫಿಲ್ಟರ್ ತಾನೂ ತಡ ಮಾಡುತ್ತದೆ. 700 ಹರ್ಟ್ಸ್‌ನ ಒಂದನೆಯ ದರ್ಜೆಯ ಫಿಲ್ಟರ್ ತಳದ ಕಂಪನಾಂಕಗಳನ್ನು ಸುಮಾರು 0.23 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳುತ್ತದೆ. ತಲೆಗೆ ಬೇಕಾದ 0.26ಕ್ಕೆ ಅದೊಂದೇ ಬಹುತೇಕ ಸಾಕು. ಅದರ ಮೇಲೆ ಹನ್ನೆರಡೂವರೆ ಸ್ಯಾಂಪಲ್ ಹೇರಿದರೆ ತಲೆಯ ಅಗಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲಿಂಕ್‌ವಿಟ್ಸ್ ಸರ್ಕ್ಯೂಟ್‌ನಲ್ಲಿ ತಡಕ್ಕೆಂದು ಬೇರೆ ಭಾಗವೇ ಇಲ್ಲದಿರುವುದು ಬಡತನದಿಂದಲ್ಲ, ಫಿಲ್ಟರ್ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತಿದೆ.

ಹೆಚ್ಚುವರಿ ತಡವನ್ನು ಕಿತ್ತೆಸೆದೆ. ಫಿಲ್ಟರ್‌ನ ಹಂತ 90 ಡಿಗ್ರಿ ದಾಟುವುದಿಲ್ಲವಾದ್ದರಿಂದ ಹೊಡೆದಾಟ ನಿಂತಿತು, ತಗ್ಗು ಮಾಯ. ತಳದ 4 ಡೆಸಿಬೆಲ್ ಊತ ಮಾತ್ರ ಉಳಿಯಿತು. ಅದನ್ನು ಇಳಿಸಲು ಹೊರಟಾಗ ಸಿಕ್ಕಿದ್ದು ನನಗೆ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟ ಸಂಗತಿ.

ಎಡ-ಬಲ ಎಂದು ನೋಡುವ ಬದಲು ಎರಡರ ಮೊತ್ತ ಮತ್ತು ವ್ಯತ್ಯಾಸ, ಅಂದರೆ ಮಿಡ್ ಮತ್ತು ಸೈಡ್ ಎಂದು ನೋಡಿ. ಕ್ರಾಸ್‌ಫೀಡ್ ಮಿಡ್ ಅನ್ನು ಒಂದು ಫಿಲ್ಟರ್‌ನಿಂದ ಏರಿಸುತ್ತದೆ, ಸೈಡ್ ಅನ್ನು ಇನ್ನೊಂದರಿಂದ ಇಳಿಸುತ್ತದೆ. ಮಿಡ್ ಚಪ್ಪಟೆಯಾಗಿ ಇರಬೇಕೆಂದರೆ ಎರಡನ್ನೂ ಮಿಡ್‌ನ ಫಿಲ್ಟರ್‌ನಿಂದ ಭಾಗಿಸಿದರಾಯಿತು. ಭಾಗಿಸಿದಾಗ ಮಿಡ್ ಹಾದಿಯಲ್ಲಿ ಏನೂ ಉಳಿಯುವುದಿಲ್ಲ. ಸೈಡ್ ಹಾದಿಯಲ್ಲಿ ಉಳಿಯುವುದು 280 ಹರ್ಟ್ಸ್‌ನ ಒಂದು ಶೂನ್ಯ, 1120 ಹರ್ಟ್ಸ್‌ನ ಒಂದು ಧ್ರುವ, ಅಂದರೆ ಫಿಲ್ಟರ್‌ನ ಏರು ಶುರುವಾಗುವ ಮತ್ತು ಮುಗಿಯುವ ತಿರುವುಗಳು; ತಳದಲ್ಲಿ 12 ಡೆಸಿಬೆಲ್ ಇಳಿಸುವ ಸರಳ ಶೆಲ್ಫ್. ಎರಡು ಕಿವಿಗಳ ನಡುವಿನ ಮಟ್ಟದ ಅನುಪಾತ, ಹಂತದ ಅಂತರ ಎರಡೂ ಮೊದಲಿನಂತೆಯೇ ಇವೆ. ಕಾಗದದ ಮೇಲೆ ಎರಡು ಬಾರಿ ತಾಳೆ ನೋಡಿದೆ. ಬದಲಾದದ್ದು ಬಣ್ಣ ಮಾತ್ರ. ಗಾಯಕಿ ಕಂಬಳಿ ತೆಗೆದರು, ಪಿಟೀಲು ಬಲಗೆನ್ನೆಯ ಮುಂದೆಯೇ ಉಳಿಯಿತು.

ಮಾಡುವವರಿಗೆ ಒಂದು ಸೂಚನೆ: ಪೈಪ್‌ವೈರ್‌ನ ಸಿದ್ಧ ಲೋ-ಶೆಲ್ಫ್ ಎರಡನೆಯ ದರ್ಜೆಯದು, ಇಲ್ಲಿ ಹೊಂದುವುದಿಲ್ಲ. ಗುಣಾಂಕಗಳನ್ನು ಕೈಯಾರೆ ಲೆಕ್ಕ ಹಾಕಿ ಕಚ್ಚಾ ಬೈಕ್ವಾಡ್‌ಗೆ (ಗುಣಾಂಕಗಳನ್ನು ನೇರವಾಗಿ ತೆಗೆದುಕೊಳ್ಳುವ ಫಿಲ್ಟರ್‌ಗೆ) ಕೊಡಿ.

ಪರೀಕ್ಷೆಯೂ ಸುಲಭ. ಯಾವುದಾದರೂ ಹಳೆಯ ಮೋನೋ (ಎಡಕ್ಕೂ ಬಲಕ್ಕೂ ಒಂದೇ ಸದ್ದಿರುವ) ಧ್ವನಿಮುದ್ರಣ ಹಾಕಿ, ಆನ್-ಆಫ್ ಮಾಡಿ. ಮೋನೋದಲ್ಲಿ ಸೈಡ್ ಸೊನ್ನೆ, ಹಾಗಾಗಿ ಕೂದಲೆಳೆಯಷ್ಟೂ ವ್ಯತ್ಯಾಸ ಕೇಳಬಾರದು. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದ ಊರಿನವರು ನಾವು. ಮನೆಯಲ್ಲಿ ಮೋನೋಗೆ ಬರವಿಲ್ಲ. ಆಕಾಶವಾಣಿಯಿಂದ ಹಿಂದೆ ಮುದ್ರಿಸಿಕೊಂಡ ಕ್ಯಾಸೆಟ್‌ಗಳಿಂದ ಇಳಿಸಿಕೊಂಡದ್ದನ್ನು ಹಾಕಿ ನೋಡಿದೆ. ಹಳೆಯ ಸರಪಳಿಯಲ್ಲಿ ಸದ್ದು ತಕ್ಷಣ ದಪ್ಪಗಾಗುತ್ತಿತ್ತು, ಈಗ ಸ್ವಿಚ್ ಒತ್ತಿದ್ದೂ ತಿಳಿಯುವುದಿಲ್ಲ.

ಬಿಟ್ಟಿ ಊಟವೇನಲ್ಲ. ಎಡತುದಿಯಲ್ಲಿ ಕೂತ ಮೃದಂಗದ ತಳ ಎಡಗಿವಿಯಲ್ಲಿ 4 ಡೆಸಿಬೆಲ್ ಸೊರಗಿದೆ. ತೊಪ್ಪಿಯ (ಮೃದಂಗದ ಎಡಮುಖದ) ಗುಮುಕಿಗೆ, ಆ ಜಾರುವ ತಳದ ನಾದಕ್ಕೆ, ಇದು ಸಣ್ಣ ಪೆಟ್ಟಲ್ಲ; ರವೆ ಹಾಕಿ ಶ್ರುತಿ ಕೂಡಿಸಿದವರು ಕೇಳಿದರೆ ನನ್ನನ್ನು ಬೈದಾರು. ಕಛೇರಿಗಳಿಗೆ ತಿದ್ದುಪಡಿಯನ್ನು ಅರ್ಧಕ್ಕೆ ಇಳಿಸಿದ್ದೇನೆ: ಕಂಠದ ತಳ 2 ಡೆಸಿಬೆಲ್ ಹೆಚ್ಚು, ಮೃದಂಗದ ತಳ 2 ಕಡಿಮೆ. ಚಿತ್ರಗೀತೆಗಳಿಗೆ ಪೂರ್ತಿ ತಿದ್ದುಪಡಿ, ಅಲ್ಲಿ ಬೇಸ್ ಗಿಟಾರ್ ಹೇಗೂ ನಡುವೆ ಇರುತ್ತದೆ. ಎಲ್ಲಕ್ಕೂ ಒಂದೇ ಗುಂಡಿ ಎನ್ನುವವರನ್ನು ನಾನು ನಂಬುವುದಿಲ್ಲ.

ಇಷ್ಟಾದರೂ ಸದ್ದು ತಲೆಯಿಂದ ಹೊರಗೆ ಬಂದಿಲ್ಲ ಎಂಬುದನ್ನು ಒಪ್ಪಲೇಬೇಕು. ಕಿವಿಯಿಂದ ಕೆನ್ನೆಗೆ ಬಂದಿದೆ, ಅಷ್ಟೇ. ಎಂಐಟಿಯವರು 1994ರಲ್ಲಿ ಕೆಮಾರ್ ಎಂಬ ಅಳತೆಯ ಬೊಂಬೆಯ ಕಿವಿಗಳಲ್ಲಿ 710 ದಿಕ್ಕುಗಳಿಂದ ಅಳೆದ ದತ್ತಾಂಶವನ್ನು ಕನ್ವಾಲ್ವರ್‌ಗೆ (ಅಳೆದ ಕಿವಿಯ ಗುಣವನ್ನು ಸದ್ದಿಗೆ ಅಂಟಿಸುವ ಫಿಲ್ಟರ್‌ಗೆ) ಹಾಕಿ ನೋಡಿದೆ. ಬದಿಗಳು ಅದ್ಭುತವಾಗಿ ಹೊರಗೆ ಹೋದವು. ಗಾಯಕಿ ಮಾತ್ರ ನನ್ನ ನೆತ್ತಿ ಹತ್ತಿ ಕೂತರು. ಬೊಂಬೆಯ ಕಿವಿಯ ಮಡಿಕೆಗಳು ಬೇರೆ, ನನ್ನವು ಬೇರೆ. ಜೊತೆಗೆ ತಲೆ ತಿರುಗಿಸಿದರೆ ವೇದಿಕೆಯೂ ಜೊತೆಗೇ ತಿರುಗುತ್ತದೆ. ಮುಂದೆಯೋ ಹಿಂದೆಯೋ ಎಂದು ತೀರ್ಮಾನಿಸಲು ನಾವು ತಲೆಯನ್ನು ತುಸು ಅಲ್ಲಾಡಿಸುತ್ತೇವೆ ಎಂದು ಮನೋವಿಜ್ಞಾನಿ ವಾಲಾಕ್ 1940ರಲ್ಲೇ ತೋರಿಸಿಕೊಟ್ಟಿದ್ದರು.

ಆದ್ದರಿಂದ ಮುಂದಿನ ಯೋಜನೆ ಎರಡು ತುಂಡು. ಹೆಡ್‌ಫೋನ್ ಪಟ್ಟಿಯ ಮೇಲೆ ತಲೆ ತಿರುಗಿದ ದಿಕ್ಕನ್ನು ಅಳೆಯುವ ಬಿಎನ್‌ಒ085 ಸಂವೇದಕ, ಅದನ್ನು ಓದಲು ಇಎಸ್‌ಪಿ32 ಎಂಬ ಪುಟ್ಟ ಗಣಕ ಚಿಪ್, ಇದು ಬಂದಾಗಿದೆ. ಇನ್ನೊಂದು, ನನ್ನದೇ ಕಿವಿಯಲ್ಲಿ ಪುಟ್ಟ ಮೈಕ್ ಇಟ್ಟು, ನಮ್ಮ ಹಜಾರದ ಸ್ಪೀಕರ್‌ನಿಂದ ಸೈನ್ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವ ಸ್ವರ) ಮುದ್ರಿಸುವುದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಗೆಳತಿಯೊಬ್ಬಳು ಆಗಲೇ ಎಚ್ಚರಿಸಿದ್ದಾಳೆ: ‘ಆಳಕ್ಕೆ ಏನನ್ನೂ ತುರುಕಬೇಡ, ನಾಳದ ಬಾಯಿಗೆ ಅಡ್ಡ ಕೂರಿಸಿದರೆ ಸಾಕು.’ ಮೈಕ್ ಕ್ಯಾಪ್ಸೂಲ್ ಮಾರಿದವರು ‘ಹೊಂದಿಸಿದ ಜೋಡಿ’ ಎಂದು ಕಳುಹಿಸಿದ್ದು ಬಣ್ಣದಲ್ಲಿ ಮಾತ್ರ ಹೊಂದುತ್ತದೆ, ಸಂವೇದನೆಯಲ್ಲಿ 3 ಡೆಸಿಬೆಲ್ ಅಂತರ. ಬದಲಾಯಿಸಿ ಕೊಡಿ ಎಂದರೆ, ಈ ವಾರ ದಾಸ್ತಾನಿಲ್ಲ ಎಂಬ ಉತ್ತರ. ಪರವಾಗಿಲ್ಲ, ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುವುದು ಮುಗಿಯದೆ ಸ್ವೀಪ್ ಮುದ್ರಿಸುವ ಮಾತೇ ಇಲ್ಲ. ಅಷ್ಟರಲ್ಲಿ ಸಂವೇದಕದ ದಿಕ್ಕು ತಾನಾಗಿ ಜಾರದಂತೆ ಮಾಡಬೇಕು. ಹೆಡ್‌ಫೋನ್‌ನ ಆಯಸ್ಕಾಂತದ ಪಕ್ಕದಲ್ಲಿ ಅದು ಉತ್ತರ ದಿಕ್ಕನ್ನು ಅಡುಗೆಮನೆಯ ಕಡೆಗೆ ತೋರಿಸುತ್ತಿದೆ.