ಡ್ರೈ ರನ್ ಅಂತ ಕೊಟ್ರೂ ಫೈಲ್ ಡಿಲೀಟ್ ಆಗಿದ್ದು ಯಾಕೆ

ಹಳೇ ಬ್ಯಾಕಪ್ ಕ್ಲೀನ್ ಮಾಡೋ ಸ್ಕ್ರಿಪ್ಟ್ ಒಂದಿತ್ತು ನಮ್ ಟೀಮಲ್ಲಿ. ಶೆಬ್ಯಾಂಗ್ ಲೈನು, ಅಂದ್ರೆ ಸ್ಕ್ರಿಪ್ಟನ್ನ ಯಾವ ಶೆಲ್ (ಕಮಾಂಡ್ ಓಡಿಸೋ ಪ್ರೋಗ್ರಾಮ್) ಓಡಿಸ್ಬೇಕು ಅಂತ ಹೇಳೋ ಮೊದಲ ಸಾಲು, ಬಿನ್ ಎಸ್‌ಎಚ್. ಮೋಡ್ ವೇರಿಯಬಲ್‌ಗೆ ಡ್ರೈ ಅಂತ ಕೊಟ್ರೆ ಬರೀ ಲಿಸ್ಟ್ ತೋರಿಸೋದು, ಇಲ್ದಿದ್ರೆ ನಿಜವಾಗ್ಲೂ ಅಳಿಸೋದು. ಎಲ್ರ ಮ್ಯಾಕಲ್ಲೂ ಓಡ್ತಿತ್ತು, ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್‌ನ ಕಂಟೇನರಲ್ಲೂ ಓಡ್ತಿತ್ತು. ಆಮೇಲೆ ಪ್ಲಾಟ್‌ಫಾರ್ಮ್ ಟೀಮ್‌ನೋರು ಕಂಟೇನರ್‌ಗೆ ಬುನಾದಿಯಾದ ಬೇಸ್ ಇಮೇಜ್‌ನ ಡೆಬಿಯನ್ ಸ್ಲಿಮ್ ಅನ್ನೋ ಇನ್ನೊಂದು ಲಿನಕ್ಸ್‌ಗೆ ಬದಲಾಯಿಸಿದ್ರು, ಚೇಂಜ್ ಟಿಕೆಟಲ್ಲಿ ಬರೆದಿದ್ದು "ನೋ ಫಂಕ್ಷನಲ್ ಇಂಪ್ಯಾಕ್ಟ್", ಅಷ್ಟೇ.

ರಿಲೀಸ್ ರಾತ್ರಿ ಡ್ರೈ ರನ್ ಕೊಟ್ವಿ, ಡ್ಯಾಶ್‌ಬೋರ್ಡಲ್ಲಿ ಡಿಸ್ಕ್ ಯೂಸೇಜ್ ಇಳಿಯೋಕೆ ಶುರುವಾಯ್ತು. ಡ್ರೈ ರನ್ನಲ್ಲಿ ಡಿಸ್ಕ್ ಇಳಿಯುತ್ತಾ? ಮೌಂಟ್ ಏನೋ ಹೋಗಿದೆ ಅನ್ನಿಸ್ತು ನಂಗೆ, ಸ್ಟೋರೇಜ್‌ನೋರನ್ನ ಕಾನ್ಫರೆನ್ಸ್ ಕಾಲ್‌ಗೆ ಎಳ್ಕೊಂಡು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲಿನ ಡಿಸ್ಕ್) ನೋಡಿ ಎನ್‌ಎಫ್‌ಎಸ್ ನೋಡಿ ಅಂತ ಕೂತಿದ್ದೆ, ಅಷ್ಟು ಹೊತ್ತೂ ಸ್ಕ್ರಿಪ್ಟು ಒಂದೊಂದೇ ಡೈರೆಕ್ಟರಿ ಗುಡಿಸ್ತಾ ಹೋಗ್ತಿತ್ತು. ಅದ್ರ ಮೇಲೆ ಯಾರಿಗೂ ಅನುಮಾನ ಬರ್ಲಿಲ್ಲ, ಯಾಕಂದ್ರೆ ಡ್ರೈ ಅಂತ ಟೈಪ್ ಮಾಡಿದ್ದನ್ನ ಎಲ್ರೂ ಕಣ್ಣಾರೆ ನೋಡಿದ್ವಿ. ಕೊನೆಗೆ ಶಿಫ್ಟಲ್ಲಿದ್ದ ಹುಡುಗಿ ಲಾಗ್‌ನ ತೀರಾ ಮೇಲಕ್ಕೆ ಸ್ಕ್ರೋಲ್ ಮಾಡಿ "ಇಲ್ನೋಡಿ, ಇದೇನಿದು" ಅಂದ್ಲು. ಒಂದೇ ಸಾಲು: ಡ್ರೈ, ಅನ್‌ಎಕ್ಸ್‌ಪೆಕ್ಟೆಡ್ ಆಪರೇಟರ್. ತಕ್ಷಣ ಕಿಲ್ ಹೊಡೆದ್ವಿ. ಸ್ನ್ಯಾಪ್‌ಶಾಟ್ ಇದ್ದಿದ್ರಿಂದ ಬಹುಪಾಲು ವಾಪಸ್ ಬಂತು.

ಆಗಿದ್ದಿಷ್ಟು. ಇಫ್ ಕಂಡೀಷನ್ ಒಳಗೆ, ಸಿಂಗಲ್ ಚೌಕ ಬ್ರ್ಯಾಕೆಟಲ್ಲಿ == ಇತ್ತು. ಶೆಲ್‌ಗಳ ಸ್ಟ್ಯಾಂಡರ್ಡ್ ಆದ ಪೋಸಿಕ್ಸ್ ಹೇಳೋದು ಒಂದೇ =. ಮ್ಯಾಕಲ್ಲಿ ಎಸ್‌ಎಚ್ ಅಂದ್ರೆ ಬ್ಯಾಷ್ 3.2 ಅನ್ನೋ ಶೆಲ್, ಅದು ಎರಡನ್ನೂ ಒಪ್ಪುತ್ತೆ, ಆಲ್ಪೈನ್‌ನ ಬ್ಯುಸಿಬಾಕ್ಸೂ ಒಪ್ಪುತ್ತೆ, ಡೆಬಿಯನ್ನಲ್ಲಿ ಎಸ್‌ಎಚ್ ಆಗಿರೋ ಡ್ಯಾಷ್ ಶೆಲ್ ಒಪ್ಪಲ್ಲ. ಸರಿ, ಒಪ್ಪಲ್ಲ ಅಂದ್ರೆ ಅಲ್ಲೇ ನಿಲ್ಬೇಕಿತ್ತಲ್ವಾ, ಕಮಾಂಡ್ ಫೇಲಾದ್ರೆ ಸ್ಕ್ರಿಪ್ಟನ್ನೇ ನಿಲ್ಲಿಸೋ ಸೆಟ್ ಮೈನಸ್ ಇ ಬೇರೆ ಇತ್ತು? ನಿಲ್ಲಲ್ಲ. ಟೆಸ್ಟ್ ಸುಳ್ಳಾದ್ರೆ ಎಕ್ಸಿಟ್ ಕೋಡ್ 1, ಟೆಸ್ಟೇ ಅರ್ಥ ಆಗ್ದಿದ್ರೆ 2, ಆದ್ರೆ ಇಫ್ ನೋಡೋದು ಸೊನ್ನೆ (ಅಂದ್ರೆ ನಿಜ) ಹೌದಾ ಅಲ್ವಾ ಅಂತ ಮಾತ್ರ. ಸೊನ್ನೆ ಅಲ್ಲ ಅಂದ್ರೆ ನೇರ ಎಲ್ಸ್‌ಗೆ. ಇಫ್‌ನ ಕಂಡೀಷನ್‌ಗೆ ಸೆಟ್ ಮೈನಸ್ ಇ ಅನ್ವಯಿಸೋದೇ ಇಲ್ಲ. ನಮ್ಮ ಅಳಿಸೋ ಕಮಾಂಡ್ ಆರ್‌ಎಂ ಕೂತಿದ್ದು ಸರಿಯಾಗಿ ಆ ಎಲ್ಸ್‌ನಲ್ಲಿ.

ಅದಕ್ಕೇ ಈಗ ರಿವ್ಯೂನಲ್ಲಿ ನಾನು ಹಟ ಹಿಡಿಯೋದು ಇದೊಂದಕ್ಕೆ, ಹಾಳು ಮಾಡೋ ಕೆಲಸ ಎಲ್ಸ್ ಒಳಗೆ ಇರ್ಬಾರ್ದು. ಕೇಸ್ ಬ್ಲಾಕ್ ಹಾಕಿ, ಅಳಿಸು ಅಂತ ಬಾಯಿಬಿಟ್ಟು ಹೇಳಿದ್ರೆ ಮಾತ್ರ ಅಳಿಸ್ಲಿ, ಬೇರೇನು ಬಂದ್ರೂ ಎಕ್ಸಿಟ್ 1.

ಮ್ಯಾನೇಜ್‌ಮೆಂಟ್ ಕೊಟ್ಟ ಪರಿಹಾರ ಏನಪ್ಪಾ ಅಂದ್ರೆ "ಎಲ್ಲಾ ಬ್ಯಾಷ್ ಮಾಡ್ಬಿಡಿ". ಯಾವ ಬ್ಯಾಷ್? ಆಲ್ಪೈನಲ್ಲಿ ನಾವೇ ಹಾಕ್ಕೊಂಡ್ರೆ ಉಂಟು, ಫ್ರೀಬಿಎಸ್‌ಡಿ ಅನ್ನೋ ಓಎಸ್‌ನಲ್ಲಿ ಹಾಕಿದ್ರೂ ಬಿನ್ ಬದಲು ಯೂಸರ್ ಲೋಕಲ್ ಬಿನ್ ಒಳಗಿರುತ್ತೆ, ಮ್ಯಾಕ್ ಜೊತೆ ಬರೋ 3.2ರಲ್ಲಿ ಹೆಸರು ಕೊಟ್ಟು ಮೌಲ್ಯ ಇಡೋ ಅಸೋಸಿಯೇಟಿವ್ ಅರೇನೇ ಇಲ್ಲ, ಅದು ಬಂದಿದ್ದು 4.0ಗೆ. ಉಬುಂಟು ತನ್ನ ಎಸ್‌ಎಚ್‌ನ ಡ್ಯಾಷ್‌ಗೆ ತಿರುಗಿಸಿದ್ದು 2006ರಲ್ಲಿ, ಅಂದ್ರೆ ಇದು ಹೊಸ ವಿಷಯವೇನಲ್ಲ, ಆದ್ರೂ ಮೂಲ ಕಾರಣ ಬರೆಯೋ ಆರ್‌ಸಿಎ ಫಾರ್ಮಲ್ಲಿ ಟಿಕ್ ಬಿದ್ದಿದ್ದು "ಹ್ಯೂಮನ್ ಎರರ್" ಮೇಲೆ. ಅದು ನಂಗಿನ್ನೂ ಒಪ್ಪಿಗೆ ಇಲ್ಲ, ಶೆಲ್ ಸ್ಕ್ರಿಪ್ಟಲ್ಲಿ ತಪ್ಪು ಹುಡುಕೋ ಟೂಲ್ ಶೆಲ್‌ಚೆಕ್ ಪೈಪ್‌ಲೈನಲ್ಲಿ ಇದ್ದಿದ್ರೆ ಎಸ್‌ಸಿ3014 ಅಂತ ಇದೇ ಸಾಲನ್ನ ಮೊದಲೇ ಹಿಡಿದು ಕೊಡ್ತಿತ್ತು.

ಈಗ ಹಾಕಿದೀವಿ. ಆದ್ರೆ ಅದು ನೋಡೋದು ಶೆಲ್ ಭಾಷೆನ ಮಾತ್ರ, ಕಮಾಂಡ್‌ಗಳ ವ್ಯತ್ಯಾಸ ಅದಕ್ಕೆ ಅಷ್ಟಾಗಿ ಸಿಗಲ್ಲ. ಫೈಲನ್ನ ಇದ್ದಲ್ಲೇ ತಿದ್ದೋಕೆ ಸೆಡ್ ಮೈನಸ್ ಐ, ಮೈನಸ್ ಇ ಅಂತ ಬರೆದ್ರೆ ಲಿನಕ್ಸಲ್ಲಿರೋ ಗ್ನೂ ಸೆಡ್‌ನಲ್ಲಿ ಸರಿ, ಮ್ಯಾಕಲ್ಲಿ ಆ ಮೈನಸ್ ಇ ನ ಬ್ಯಾಕಪ್ ಸಫಿಕ್ಸ್ ಅಂದ್ಕೊಳ್ಳುತ್ತೆ, ಕಾನ್ಫಿಗ್ ಫೋಲ್ಡರ್ ತುಂಬ ಹೆಸರಿನ ಕೊನೆಗೆ ಮೈನಸ್ ಇ ಅಂಟಿರೋ ಫೈಲ್‌ಗಳು. ಅವನ್ನೆಲ್ಲ ಟೆಂಪ್ ಫೈಲ್‌ಗೆ ಬರೆದು, ಎಂವಿ ಕಮಾಂಡಲ್ಲಿ ಅದನ್ನ ಹಳೇ ಫೈಲ್ ಜಾಗಕ್ಕೆ ಸರಿಸೋ ಹಾಗೆ ತಿದ್ದಾಯ್ತು. ನಿನ್ನೆಯ ತಾರೀಖು ತೆಗೆಯೋಕೆ ಗ್ನೂ ಡೇಟ್‌ಗೆ ಮೈನಸ್ ಡಿ, ಮ್ಯಾಕಲ್ಲಿರೋ ಬಿಎಸ್‌ಡಿ ಡೇಟ್‌ಗೆ ಮೈನಸ್ ವಿ, ಎರಡಕ್ಕೂ ಹೊಂದೋ ಒಂದೇ ಸಾಲು ಇಲ್ಲ, ಹಾಗಾಗಿ ತಾರೀಖನ್ನ ಶೆಡ್ಯೂಲರಿಂದಲೇ ಪ್ಯಾರಾಮೀಟರ್ ಆಗಿ ಕಳಿಸ್ತಿದೀವಿ.